ಲೈನ್ ಮನೆ ನೋಡಿದವರು ಇಂಡೋ-ಕೆರಿಬಿಯನ್ ಕಥೆ ಓದುವುದು ಹೇಗೆ

ಕೆರಿಬಿಯನ್ ಪ್ರದೇಶದ ಟ್ರಿನಿಡಾಡ್, ಗಯಾನಾ, ಸುರಿನಾಮ್ ಕಡೆಯ ಭಾರತೀಯ ಮೂಲದವರ ಬಗ್ಗೆ ಒಂದು ಕಾದಂಬರಿಯನ್ನು ಯಾರೋ ಕೈಗೆ ಕೊಟ್ಟಿರುತ್ತಾರೆ. ಶುರುವಿನ ಪುಟಗಳಲ್ಲಿ ಹೆಸರೆಲ್ಲ ಗೊತ್ತಿರುವಂಥದ್ದೇ. ಸೀತಾ ಇದ್ದಾಳೆ, ಪಂಡಿತರು ಇದ್ದಾರೆ, ರೊಟ್ಟಿ ಇದೆ, ಪೂಜೆ ಇದೆ. ಆದರೆ ಜನ ಮಾತ್ರ ಅರ್ಥವಾಗುವುದಿಲ್ಲ. ಅವರ ಇಂಗ್ಲಿಷ್ ಒಂಥರಾ ಇರುತ್ತದೆ, ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಜಗಳ ಯಾಕೆ ಅಂತ ತಿಳಿಯುವುದಿಲ್ಲ, ಯಾರು ಯಾರ ಮಗ ಅನ್ನುವುದೇ ತಲೆಯಲ್ಲಿ ನಿಲ್ಲುವುದಿಲ್ಲ, ಕೊನೆಗೆ ಪುಸ್ತಕ ಕಪಾಟು ಸೇರುತ್ತದೆ. ಹಾಗೆ ಕಪಾಟಿಗೆ ಸೇರಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಅದರಲ್ಲೂ ಕೊಡಗಿನಲ್ಲಿ ಕೂತು ಓದುವವರಿಗೆ.

ನಮಗೆ ಬೆಂಗಳೂರಿನ ಓದುಗರಿಗಿಂತ ಒಂದು ಅನುಕೂಲ ಜಾಸ್ತಿ. ತೋಟ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತು. ಹಾಜರಿಯ ಮಸ್ಟರ್, ಆಳುಗಳ ಮೇಲಿನ ಮೇಸ್ತ್ರಿ, ಕೂಲಿ ಲೆಕ್ಕದ ಚೆಕ್‌ರೋಲ್, ಬಟವಾಡೆ, ಮುಂಗಡ, ಕೂಲಿಯವರು ಸಾಲಾಗಿ ಇರುವ ಲೈನ್ ಮನೆ. ಇದನ್ನೆಲ್ಲ ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಈ ಕಥೆಗಳ ಜನ ಈಗ ನ್ಯೂಯಾರ್ಕ್‌ನಲ್ಲಿ ಇರಲಿ, ಟೊರಾಂಟೊದಲ್ಲಿ ಇರಲಿ, ಅವರ ಸಿಟ್ಟು, ಜಿಪುಣತನ, ಜಮೀನಿನ ಆಸೆ, ಮಗ ಡಾಕ್ಟರೇ ಆಗಬೇಕು ಅನ್ನುವ ಹಟ ಎಲ್ಲ ಹುಟ್ಟಿದ್ದು ಒಂದು ತೋಟದ ಲೈನಿನಲ್ಲಿ. ಅಲ್ಲಿಂದ ಓದಲು ಶುರು ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಇತಿಹಾಸ ಒಂದು ಚೀಟಿಯಷ್ಟು ಸಾಕು

ಪುಸ್ತಕದ ಒಳಗೆ ಒಂದು ಚೀಟಿ ಇಟ್ಟುಕೊಳ್ಳಿ. ಅದರಲ್ಲಿ ಇಷ್ಟು ಬರೆದರೆ ಸಾಕು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯ್ದೆ ಜಾರಿಯಾದದ್ದು 1834ರಲ್ಲಿ. (ಕೊಡಗನ್ನು ಬ್ರಿಟಿಷರು ವಶ ಮಾಡಿಕೊಂಡದ್ದೂ ಅದೇ ವರ್ಷ. ನಮ್ಮವರಿಗೆ ನೆನಪಿಡಲು ಸುಲಭ.) ಕಬ್ಬಿನ ತೋಟಗಳಿಗೆ ಕಡಿಮೆ ಕೂಲಿಗೆ ಜನ ಬೇಕಾಯಿತು. 1838ರ ಮೇ 5ರಂದು ಭಾರತದಿಂದ ಮೊದಲ ಕೂಲಿ ಹಡಗು ಗಯಾನಾ ಮುಟ್ಟಿತು. ಟ್ರಿನಿಡಾಡ್‌ಗೆ 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಬಂತು. ಡಚ್ಚರ ಕೈಯಲ್ಲಿದ್ದ ಸುರಿನಾಮ್‌ಗೆ 1873ರ ಜೂನ್ 5ರಂದು ಲಲ್ಲಾ ರೂಖ್ ಹೋಯಿತು. 1917ರಲ್ಲಿ ಈ ನೇಮಕಾತಿ ನಿಲ್ಲುವ ಹೊತ್ತಿಗೆ ಗಯಾನಾಕ್ಕೆ ಸುಮಾರು 2,39,000 ಜನ, ಟ್ರಿನಿಡಾಡ್‌ಗೆ ಸುಮಾರು 1,44,000 ಜನ, ಸುರಿನಾಮ್‌ಗೆ ಸುಮಾರು 34,000 ಜನ ಹೋಗಿದ್ದರು. ಹೆಚ್ಚಿನವರು ಈಗಿನ ಪೂರ್ವ ಉತ್ತರ ಪ್ರದೇಶ ಮತ್ತು ಪಶ್ಚಿಮ ಬಿಹಾರದ ಭೋಜ್‌ಪುರಿ ಮಾತಿನವರು, ಕಲ್ಕತ್ತಾದಲ್ಲಿ ಹಡಗು ಹತ್ತಿದವರು. ಮದ್ರಾಸಿನಿಂದಲೂ ಒಂದಷ್ಟು ಜನ ಹೋದರು.

ಒಪ್ಪಂದ ಐದು ವರ್ಷದ್ದು. ಪಾಸ್ ಇಲ್ಲದೆ ತೋಟ ಬಿಟ್ಟು ಹೊರಗೆ ಹೋದರೆ ಜೈಲು. ಕೆಲಸಕ್ಕೆ ಬರದಿದ್ದರೂ ಅದು ಅಪರಾಧವೇ. ಊರಿಗೆ ಮರಳುವ ಹಡಗಿನ ಹಕ್ಕು ಸಾಮಾನ್ಯವಾಗಿ ಹತ್ತು ವರ್ಷ ಅಲ್ಲಿದ್ದ ಮೇಲೆ. ಬಹುಪಾಲು ಜನ ಮರಳಲೇ ಇಲ್ಲ. ಚೀಟಿ ಇಲ್ಲಿಗೆ ಮುಗಿಯಿತು. ಇದಕ್ಕಿಂತ ಜಾಸ್ತಿ ಇತಿಹಾಸ ಓದಿಯೇ ಕಥೆಗೆ ಕೈ ಹಾಕುತ್ತೇನೆ ಅಂತ ಹೊರಟರೆ ಕಥೆ ಓದುವುದೇ ಇಲ್ಲ, ನೋಡಿ ಬೇಕಾದರೆ.

ಮೊದಲು ಕೋಣೆಯ ಚಿತ್ರ ಬರೆಯಿರಿ

ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ಪೆನ್ಸಿಲ್ ತೆಗೆದುಕೊಂಡು ನಿಜವಾಗಿ ಬರೆಯಿರಿ. ಕಥೆ ಯಾವ ಕೋಣೆಯಲ್ಲಿ ನಡೆಯುತ್ತದೆ, ಒಲೆ ಎಲ್ಲಿದೆ, ಯಾರು ಎಲ್ಲಿ ಮಲಗುತ್ತಾರೆ, ಪಕ್ಕದ ಮನೆಗೆ ಏನೇನು ಕೇಳಿಸುತ್ತದೆ. ಈ ಸಾಹಿತ್ಯದಲ್ಲಿ ಕೋಣೆ ಗೊತ್ತಾದರೆ ಜಗಳ ಗೊತ್ತಾದ ಹಾಗೆ.

ನನ್ನ ಲೆಕ್ಕದಲ್ಲಿ ಮೂರು ಜಾಗಗಳು ಮತ್ತೆ ಮತ್ತೆ ಬರುತ್ತವೆ. ಒಂದು, ತೋಟದ ಲೈನು. ಗಯಾನಾದಲ್ಲಿ ಅದನ್ನು ಲಾಜಿ ಅನ್ನುತ್ತಾರೆ, ಟ್ರಿನಿಡಾಡ್‌ನಲ್ಲಿ ಬ್ಯಾರಕ್. ಉದ್ದಕ್ಕೆ ಒಂದೇ ಸೂರು, ನಡುವೆ ಗೋಡೆ ಎಬ್ಬಿಸಿ ಮಾಡಿದ ಸಣ್ಣ ಕೋಣೆಗಳು, ಎಷ್ಟೋ ಕಡೆ ಆ ಗೋಡೆ ಸೂರಿನವರೆಗೂ ಹೋಗುತ್ತಿರಲಿಲ್ಲ. ಒಬ್ಬ ಕೆಮ್ಮಿದರೆ ಸಾಲಿಗೆಲ್ಲ ಕೇಳಿಸಬೇಕು. ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡುವ ದೃಶ್ಯ ಬಂದಾಗ ಲೇಖಕರು ಈ ಗೋಡೆಯ ವಿಷಯ ಮತ್ತೆ ಹೇಳುವುದಿಲ್ಲ. ಅವರ ಓದುಗರಿಗೆ ಅದು ಗೊತ್ತು. ಸಿದ್ದಾಪುರ, ಪಾಲಿಬೆಟ್ಟ ಕಡೆ ಹಳೆಯ ಲೈನ್ ಮನೆಯ ಒಳಗೆ ಒಮ್ಮೆಯಾದರೂ ಕಾಲಿಟ್ಟಿದ್ದರೆ ನಿಮಗೂ ಹೇಳಬೇಕಾಗಿಲ್ಲ.

ಎರಡನೆಯದು ಬಾಟಮ್ ಹೌಸ್. ಗಯಾನಾದ ಕರಾವಳಿ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ, ನೀರು ನುಗ್ಗುತ್ತದೆ, ಹಾಗಾಗಿ ಮನೆಗಳನ್ನು ಕಂಬದ ಮೇಲೆ ಎತ್ತಿ ಕಟ್ಟುತ್ತಾರೆ. ಕಂಬಗಳ ನಡುವಿನ ಆ ನೆರಳಿನ ಜಾಗವೇ ಬಾಟಮ್ ಹೌಸ್. ಹಗಲೆಲ್ಲ ಬದುಕು ಅಲ್ಲೇ. ಜೋಲಿ ಕಟ್ಟುವುದು, ಅಡುಗೆ, ಮಕ್ಕಳ ಪಾಠ, ಮದುವೆ ಊಟ, ರಾಮಾಯಣ ಓದುವುದು, ಸತ್ತವರ ಮನೆಗೆ ಬಂದವರು ಕೂರುವುದು. ಮೇಲಿನ ಮನೆ ಮರ್ಯಾದೆಗೆ, ಕೆಳಗಿನದು ಬದುಕಿಗೆ. ಒಂದು ಪಾತ್ರವನ್ನು ಮೇಲೆ ಕರೆದು ಕೂರಿಸಿದರೋ ಕೆಳಗೇ ಮಾತಾಡಿಸಿ ಕಳಿಸಿದರೋ ಅನ್ನುವುದನ್ನು ಗಮನಿಸಿ. ನಮ್ಮಲ್ಲೂ ಯಾರಿಗೆ ಒಳಗೆ ಕುರ್ಚಿ, ಯಾರಿಗೆ ಅಂಗಳದಲ್ಲೇ ಕಾಫಿ ಅನ್ನುವ ಲೆಕ್ಕ ಇದೆಯಲ್ಲ, ಅದೇ ಲೆಕ್ಕ.

ಮೂರನೆಯದು ನೆಲಮಾಳಿಗೆ. 1950, 60ರ ದಶಕಗಳಿಂದ ಈಚೆಗೆ ಈ ಜನ ಎರಡನೇ ಸಲ ವಲಸೆ ಹೋದರು. ಲಂಡನ್, ಟೊರಾಂಟೊ, ಡಚ್ಚರ ಹೇಗ್, ನ್ಯೂಯಾರ್ಕ್. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ರಿಚ್‌ಮಂಡ್ ಹಿಲ್ ಅಂತ ಒಂದು ಭಾಗ ಇದೆ, ಅಲ್ಲಿನ ಲಿಬರ್ಟಿ ಅವೆನ್ಯೂ ರಸ್ತೆಯಲ್ಲಿ ರೊಟ್ಟಿ ಅಂಗಡಿ, ಸೀರೆ ಅಂಗಡಿ, ಚಿನ್ನದ ಅಂಗಡಿ ಹೆಚ್ಚಿನವು ಗಯಾನಾ ಕಡೆಯವರದ್ದೇ. ಕಷ್ಟಪಟ್ಟು ಒಂದು ಮನೆ ಕೊಳ್ಳುತ್ತಾರೆ, ಸಾಲದ ಕಂತು ಕಟ್ಟಲು ನೆಲಮಾಳಿಗೆಯನ್ನು ಆಮೇಲೆ ಬಂದ ನೆಂಟರಿಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿಗೆ ಹೊಸ ಕಥೆ ಶುರು. ತಮ್ಮನಿಂದ ಬಾಡಿಗೆ ಕೇಳುವ ಅಣ್ಣ, ಹೀಟರ್ ಜಾಸ್ತಿ ಉರಿಸಿದ್ದಕ್ಕೆ ಮುಖ ಊದಿಸಿಕೊಳ್ಳುವ ಅತ್ತಿಗೆ. ಲಾಜಿಯ ಕೋಣೆ, ಈ ನೆಲಮಾಳಿಗೆ ಎರಡರ ಚಿತ್ರವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ.

ದುಡ್ಡು ಯಾರ ಕೈಗೆ ಬಂತು

ಗೋಣಿಕೊಪ್ಪದ ನಮ್ಮ ಓದುಗರ ಗುಂಪಿನಲ್ಲಿ ನಿವೃತ್ತರಾದ ಒಬ್ಬ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುತ್ತಿದ್ದವರು, ಇದ್ದಾರೆ. ಸಾಹಿತ್ಯದ ವಿಷಯ ಅವರು ಜಾಸ್ತಿ ಮಾತಾಡುವವರಲ್ಲ. ಕಬ್ಬಿನ ತೋಟದ ಒಂದು ಕಥೆಯ ಬಗ್ಗೆ ನಾವೆಲ್ಲ ಹಡಗು, ಸಮುದ್ರ, ಅಗಲಿಕೆ ಅಂತ ಮಾತಾಡುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲ ಇರಲಿ. ಆವತ್ತು ಸಂಜೆ ಹಾಜರಿ ಬರೆದದ್ದು ಯಾರು?"

"ಯಾಕೆ ರೈಟ್ರೇ?" ಅಂದಳು ಒಬ್ಬ ಹುಡುಗಿ.

"ಕೆಲಸ ಪೂರ್ತಿ ಆಗಿಲ್ಲ ಅಂತ ಬರೆದರೆ ಆ ದಿನದ ಸಂಬಳ ಇಲ್ಲಮ್ಮ. ಈ ಕಥೆಯವನು ರಮ್ ಕುಡಿದದ್ದು ಬೇಜಾರಿಗಲ್ಲ, ಅದಕ್ಕೆ."

ಪುಟ ತಿರುಗಿಸಿ ನೋಡಿದರೆ ಅದೇ ಇತ್ತು. ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ತೋಟಗಳಲ್ಲಿ ಕೂಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಶಿಲ್ಲಿಂಗ್, ಅದೂ ಗೊತ್ತುಮಾಡಿದ ಕೆಲಸ ಪೂರ್ತಿ ಆದರೆ. ಮೇಲ್ವಿಚಾರಣೆಗೆ ತಮ್ಮವನೇ ಆದ ಸರ್ದಾರ, ನಮ್ಮ ಮೇಸ್ತ್ರಿಯ ಹಾಗೆ. ಅವನ ಮೇಲೆ ಓವರ್‌ಸಿಯರ್, ಅವನ ಮೇಲೆ ಮ್ಯಾನೇಜರ್. ಯಾವ ಕಥೆ ಓದಿದರೂ ಅಂಚಿನಲ್ಲಿ ಪೆನ್ಸಿಲಿನಿಂದ ದುಡ್ಡಿನ ದಾರಿ ಗುರುತು ಮಾಡುತ್ತಾ ಹೋಗಿ. ಅಂಗಡಿಯ ಬಾಕಿ ಎಷ್ಟು, ಒಡವೆ ಯಾರ ಹತ್ತಿರ ಅಡ ಇದೆ, ಮದುವೆಗೆ ಸಾಲ ಕೊಟ್ಟವರು ಯಾರು. ಟ್ರಿನಿಡಾಡ್‌ನಲ್ಲಿ 1869ರಿಂದ ಕೆಲವು ವರ್ಷ, ಮರಳುವ ಹಡಗಿನ ಹಕ್ಕು ಬಿಟ್ಟುಕೊಟ್ಟವರಿಗೆ ಬದಲಿಗೆ ಜಮೀನು ಕೊಟ್ಟರು. ಹಾಗಾಗಿ ಕಾದಂಬರಿಯಲ್ಲಿ ಅಜ್ಜನ ಎರಡು ಎಕರೆಗೆ ಮೊಮ್ಮಕ್ಕಳು ಕೋರ್ಟು ಹತ್ತಿದರೆ ಅದನ್ನು ಬರೀ ದುರಾಸೆ ಅಂತ ಓದಬೇಡಿ. ಆ ಎರಡು ಎಕರೆಗೆ ಅಜ್ಜ ಊರನ್ನೇ ಬಿಟ್ಟುಕೊಟ್ಟಿರಬಹುದು. ವಂಶದಿಂದ ಬರುವ ನಮ್ಮ ಜಮ್ಮಾ ಜಾಗದ ತಕರಾರು ಕೇಳಿ ಬೆಳೆದವರಿಗೆ ಜಮೀನಿನ ಜಗಳ ಹೊಸದಲ್ಲ, ಆದರೆ ಈ ಜಮೀನಿನ ಹಿಂದೆ ವಂಶದ ಹಕ್ಕು ಇಲ್ಲ, ಒಂದು ಟಿಕೆಟ್ ಇದೆ.

ಈಚಿನ ಕಥೆಗಳಲ್ಲಿ ದುಡ್ಡು ಬ್ಯಾರಲ್ ಆಗಿ ಬರುತ್ತದೆ. ಅಮೆರಿಕ, ಕೆನಡಾದಲ್ಲಿ ಇರುವವರು ದೊಡ್ಡ ಡ್ರಮ್ಮಿನಲ್ಲಿ ಎಣ್ಣೆ, ಸೋಪು, ಬಟ್ಟೆ, ಶೂ, ಡಬ್ಬಿ ತಿಂಡಿ ತುಂಬಿ ಊರಿಗೆ ಹಡಗಿನಲ್ಲಿ ಕಳಿಸುತ್ತಾರೆ. ಡ್ರಮ್ಮನ್ನು ಬಿಚ್ಚುವ ದಿನ ಊರಿನಲ್ಲಿ ಯಾರು ಯಾರು ಬಂದು ಕೂತಿದ್ದಾರೆ, ಯಾರಿಗೆ ಏನು ಸಿಕ್ಕಿತು, ಯಾರಿಗೆ ಏನೂ ಸಿಗಲಿಲ್ಲ. ಇಂಥ ದೃಶ್ಯವನ್ನು ನಿಧಾನವಾಗಿ ಎರಡು ಸಲ ಓದಿ.

ಅಡುಗೆ ಮನೆಯಲ್ಲಿ ಕಾಲ ಗೊತ್ತಾಗುತ್ತದೆ

ಊಟದ ವರ್ಣನೆ ಬಂದ ಕೂಡಲೇ "ಅಯ್ಯೋ, ನಮ್ಮದೇ ಊಟ" ಅಂತ ಖುಷಿಪಟ್ಟು ಮುಂದೆ ಓಡುವುದು ಎಲ್ಲರ ಅಭ್ಯಾಸ. ನಿಲ್ಲಿ. ಬೇಯಿಸಿ ಪುಡಿ ಮಾಡಿದ ಬೇಳೆ ತುಂಬಿದ ದಾಲ್ ಪುರಿ, ಕಡಲೆ ಸಾರು ಹಾಕಿ ಎರಡು ಬಡಾ (ಕರಿದ ಮೆತ್ತನೆ ರೊಟ್ಟಿ) ಜೊತೆ ಕೊಡುವ ಡಬಲ್ಸ್, ಖಾರದ ಪೆಪ್ಪರ್ ಸಾಸ್, ಹಣ್ಣು ಹಾಕಿದ ಕಪ್ಪು ಕ್ರಿಸ್‌ಮಸ್ ಕೇಕು, ಇವೆಲ್ಲ ಒಂದೇ ಮನೆಯಲ್ಲಿ ಇರುತ್ತವೆ. ಗಯಾನಾದ ಪೆಪ್ಪರ್‌ಪಾಟ್ ಅನ್ನುವ ಮಾಂಸದ ಅಡುಗೆಗೆ ಮರಗೆಣಸಿನ ರಸವನ್ನು ಕುದಿಸಿ ಕುದಿಸಿ ಮಾಡಿದ ಕಪ್ಪು ಕಾಸರೀಪ್ ಹಾಕುತ್ತಾರೆ. ಅದು ಅಲ್ಲಿನ ಮೂಲನಿವಾಸಿಗಳಿಂದ ಬಂದದ್ದು. ಹಂದಿ ಮಾಂಸದ ಪಂದಿ ಕರಿಗೆ ಕಪ್ಪು ಹುಳಿ ರಸ ಕಾಚಂಪುಳಿ ಹಾಕುವವರಿಗೆ ಇಂಥ ಕಪ್ಪು ರಸದ ಬೆಲೆ ಬೇಗ ಗೊತ್ತಾಗುತ್ತದೆ. ಅಂದರೆ ಆ ಅಡುಗೆ ಮನೆಯಲ್ಲಿ ಭಾರತ ಒಂದು ಡಬ್ಬಿ ಮಾತ್ರ, ಆಫ್ರಿಕಾ, ಯುರೋಪ್, ಅಲ್ಲಿನ ಕಾಡು ಎಲ್ಲ ಪಕ್ಕದ ಡಬ್ಬಿಗಳಲ್ಲಿವೆ.

ಒಂದು ವಿಷಯ ಮಾತ್ರ ಚೀಟಿಯ ಹಿಂಭಾಗಕ್ಕೆ ಸೇರಿಸಿ. 1980ರ ದಶಕದ ಮೊದಲ ವರ್ಷಗಳಲ್ಲಿ ಗಯಾನಾದಲ್ಲಿ ಫೋರ್ಬ್ಸ್ ಬರ್ನ್‌ಹ್ಯಾಮ್ ಸರ್ಕಾರ ವಿದೇಶಿ ವಿನಿಮಯ ಉಳಿಸಲು ಗೋಧಿ ಹಿಟ್ಟಿನ ಆಮದು ನಿಲ್ಲಿಸಿತು. ಬೇಳೆ, ಆಲೂಗಡ್ಡೆ ಕೂಡ ಸಿಗದಾಯಿತು. ರೊಟ್ಟಿ ತಿನ್ನುವ ಜನ ಅಕ್ಕಿ ಹಿಟ್ಟಿನಲ್ಲಿ ಒದ್ದಾಡಿದರು, ಗೋಧಿ ಹಿಟ್ಟು ಗಡಿ ದಾಟಿ ಕಳ್ಳದಾರಿಯಲ್ಲಿ ಬಂತು, ಅದಕ್ಕೆ ಪೊಲೀಸ್ ದಾಳಿ ನಡೆಯಿತು. ಅಕ್ಕಿ ರೊಟ್ಟಿ ನಮಗೆ ದಿನದ ಊಟ, ಅದರಲ್ಲಿ ಏನು ಕಷ್ಟ ಅನ್ನಿಸಬಹುದು. ಅವರಿಗೆ ಅದು ಸೋಲಿನ ಊಟ. ಒಂದು ಕಥೆಯಲ್ಲಿ ಅಮ್ಮ ಹಿಟ್ಟನ್ನು ಹಾಸಿಗೆ ಕೆಳಗೆ ಅಡಗಿಸಿಟ್ಟರೆ, ಊರು ಬಿಟ್ಟು ಹೋಗುವ ಮಾತು ಅದೇ ವಾರ ಮನೆಯಲ್ಲಿ ಎದ್ದರೆ, ಕಾರಣ ಇದು.

ಗಟ್ಟಿಯಾಗಿ ಓದಿ

ಟ್ರಿನಿಡಾಡ್, ಗಯಾನಾದಲ್ಲಿ ಭೋಜ್‌ಪುರಿ ಮಾತು ಬಹುಮಟ್ಟಿಗೆ ಹೋಗಿದೆ, ಸುರಿನಾಮ್‌ನಲ್ಲಿ ಸರ್ನಾಮಿ ಅನ್ನುವ ರೂಪದಲ್ಲಿ ಉಳಿದಿದೆ. ಕಥೆಗಳು ಹೆಚ್ಚಾಗಿ ಬರುವುದು ಕ್ರಿಯೋಲ್ ಇಂಗ್ಲಿಷ್‌ನಲ್ಲಿ, ಅಂದರೆ ಹಲವು ಭಾಷೆ ಬೆರೆತು ಅಲ್ಲೇ ಬೆಳೆದ ಇಂಗ್ಲಿಷ್‌ನಲ್ಲಿ. ಕಣ್ಣಿಗೆ ತಪ್ಪು ಇಂಗ್ಲಿಷ್ ಅನ್ನಿಸುತ್ತದೆ, ಕಿವಿಗೆ ಹಾಗಲ್ಲ. ಟ್ರಿನಿಡಾಡ್‌ನ ಲೇಖಕ ಸ್ಯಾಮ್ ಸೆಲ್ವನ್ 1956ರಲ್ಲಿ ಲಂಡನ್ನಿನ ವಲಸಿಗರ ಬಗ್ಗೆ ಬರೆದ ಕಾದಂಬರಿಯಲ್ಲಿ ಪಾತ್ರಗಳ ಮಾತು ಮಾತ್ರ ಅಲ್ಲ, ಕಥೆ ಹೇಳುವ ದನಿಯನ್ನೂ ಆ ಭಾಷೆಯಲ್ಲೇ ಇಟ್ಟರು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಕೊಡವ ತಕ್ಕ್, ಮಲಯಾಳ, ತುಳು, ಅರೆಭಾಷೆ, ಯರವ, ಕನ್ನಡ ಎಲ್ಲ ಕೇಳಿ ಬೆಳೆದ ಕಿವಿಗೆ ಇದು ಕಷ್ಟವೇ ಅಲ್ಲ. ಒಂದು ಪುಟ ಗಟ್ಟಿಯಾಗಿ ಓದಿದರೆ ಲಯ ಸಿಗುತ್ತದೆ. ಗುಂಪಿನಲ್ಲಿ ಕಥೆ ಹೇಳುವಾಗ ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ, ಸಂತೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿ.

ಸಂಬಂಧದ ಹೆಸರುಗಳಿಗೆ ಒಂದು ಸಣ್ಣ ವಂಶದ ಚಿತ್ರ ಮಾಡಿಕೊಳ್ಳಿ. ನಾನಿ ಅಂದರೆ ತಾಯಿಯ ತಾಯಿ, ಆಜಿ ಅಂದರೆ ತಂದೆಯ ತಾಯಿ. ಮಗು ಯಾರ ಮನೆಯಲ್ಲಿ ಬೆಳೆಯುತ್ತಿದೆ ಅನ್ನುವುದು ಎಷ್ಟೋ ಸಲ ಅಷ್ಟರಿಂದಲೇ ಗೊತ್ತಾಗುತ್ತದೆ.

ಅಂಗಳದ ಬಾವುಟ, ಪಕ್ಕದ ಮನೆಯವರು

ಹಿಂದೂ ಮನೆಗಳ ಅಂಗಳದಲ್ಲಿ ಬಿದಿರಿಗೆ ಕಟ್ಟಿದ ಬಣ್ಣದ ಬಾವುಟಗಳು ಇರುತ್ತವೆ, ಝಂಡಿ ಅಂತ. ಪೂಜೆ ಆದ ಮೇಲೆ ನೆಡುವುದು. ಹೋಳಿ ಹಬ್ಬಕ್ಕೆ ಅಲ್ಲಿ ಫಗ್ವಾ ಅನ್ನುತ್ತಾರೆ, ಮೊಹರಂಗೆ ಹೊಸೆ. 1884ರಲ್ಲಿ ಟ್ರಿನಿಡಾಡ್‌ನ ಸಾನ್ ಫರ್ನಾಂಡೊ ಹತ್ತಿರ ಹೊಸೆ ಮೆರವಣಿಗೆ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು, ಆ ಮೆರವಣಿಗೆಯಲ್ಲಿ ಹಿಂದೂಗಳೂ ನಡೆಯುತ್ತಿದ್ದರು. 1868ರಲ್ಲಿ ಕೆನಡಾದಿಂದ ಜಾನ್ ಮಾರ್ಟನ್ ಅನ್ನುವ ಪಾದ್ರಿ ಬಂದು ಶಾಲೆ ಶುರು ಮಾಡಿದ ಮೇಲೆ ಕಥೆಗಳಲ್ಲಿ ಇನ್ನೊಂದು ಇಕ್ಕಟ್ಟು ಸೇರಿತು. ಮೇಷ್ಟರ ಕೆಲಸ ಬೇಕಾದರೆ ಎಷ್ಟೋ ಸಲ ಕ್ರೈಸ್ತನಾಗಬೇಕು, ಆದರೆ ಮನೆಯಲ್ಲಿ ಅಮ್ಮ ದೀಪ ಹಚ್ಚುತ್ತಾಳೆ. ಟ್ರಿನಿಡಾಡ್‌ನಲ್ಲಿ ಹಿಂದೂ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದೇ 1940ರ ದಶಕದಲ್ಲಿ. ಅಲ್ಲಿಯವರೆಗೆ ಪಂಡಿತರು ಮಾಡಿಸಿದ ಮದುವೆಯ ಮಕ್ಕಳು ಕಾಗದದ ಮೇಲೆ ಅಕ್ರಮ ಸಂತಾನ. ಆಸ್ತಿಯ ಕಥೆಯಲ್ಲಿ ಇದು ಎಲ್ಲಿ ಬೇಕಾದರೂ ಎದ್ದು ಬರಬಹುದು.

ಆಫ್ರಿಕನ್ ಮೂಲದ ನೆರೆಯವರು ಬರುವ ಪುಟಗಳನ್ನು ಹಾರಿಸಬೇಡಿ. ಕಬ್ಬಿನ ತೋಟದಲ್ಲಿ ಭಾರತದಿಂದ ಬಂದ ಇವರಿಗಿಂತ ಮೊದಲು ಗುಲಾಮರಾಗಿ ಸವೆದವರು ಅವರು. ಕೂಲಿ ಇಳಿಸಲು ಇವರನ್ನು ತಂದರು ಅನ್ನುವ ಸಿಟ್ಟು ಒಂದು ಕಡೆ, ಅವರ ಬಗ್ಗೆ ಇವರ ಮನೆಗಳಲ್ಲಿ ಆಡುವ ಕೆಟ್ಟ ಮಾತು ಇನ್ನೊಂದು ಕಡೆ. ಗಯಾನಾದಲ್ಲಿ 1960ರ ದಶಕದ ಮೊದಲಲ್ಲಿ ಅದು ರಕ್ತಪಾತಕ್ಕೆ ಹೋಯಿತು. ಮಗಳು ಆಫ್ರಿಕನ್ ಹುಡುಗನನ್ನು ಪ್ರೀತಿಸಿದಳು ಅನ್ನುವ ಕಥೆ ಓದುವಾಗ ನಿಮಗೆ ಯಾರ ಮೇಲೆ ಕನಿಕರ ಹುಟ್ಟಿತು ಅಂತ ಸ್ವಲ್ಪ ನಿಂತು ಕೇಳಿಕೊಳ್ಳಿ.

ಹೆಂಗಸರು ಬರೆದದ್ದನ್ನು ಎರಡನೆಯ ಪುಸ್ತಕವಾಗಿಯೇ ತೆಗೆದುಕೊಳ್ಳಿ, ಹತ್ತನೆಯದಾಗಿ ಅಲ್ಲ. ಟ್ರಿನಿಡಾಡ್‌ನ ಚಗುವಾನಸ್‌ನಲ್ಲಿ ಹುಟ್ಟಿದ ಕಾದಂಬರಿಕಾರ ನೈಪಾಲ್‌ಗೆ 2001ರಲ್ಲಿ ನೊಬೆಲ್ ಬಂದ ಮೇಲೆ ನಮ್ಮಲ್ಲಿ ತುಂಬ ಜನ ಅವರನ್ನು ಓದಿ ಅಲ್ಲಿಗೇ ನಿಂತುಬಿಟ್ಟಿದ್ದಾರೆ. ಹಡಗುಗಳಲ್ಲಿ ಹೆಂಗಸರು ಯಾವಾಗಲೂ ಗಂಡಸರಿಗಿಂತ ತುಂಬ ಕಡಿಮೆ. ಬಂದವರಲ್ಲಿ ವಿಧವೆಯರು, ಗಂಡನನ್ನು ಬಿಟ್ಟವರು, ಒಂಟಿಯಾಗಿ ಹೊರಟವರು ಸಾಕಷ್ಟು ಇದ್ದರು. ಲೈನಿನಲ್ಲಿ ಯಾರ ಜೊತೆ ಇರಬೇಕು ಅನ್ನುವ ಆಯ್ಕೆಯೂ ಅವರಿಗೆ ಇತ್ತು, ಆ ಆಯ್ಕೆಗೆ ಕತ್ತಿಯ ಏಟೂ ಬೀಳುತ್ತಿತ್ತು. ಮದುವೆಗೆ ಮೊದಲು ಹೆಂಗಸರು ಮಾತ್ರ ಸೇರಿ ಹಾಡಿ ಕುಣಿಯುವ ಮಟಿಕೋರ್ ರಾತ್ರಿಯನ್ನು ಹೊರಗಿನಿಂದ ಕಂಡ ಹಾಗೆ ಬರೆಯುವುದಕ್ಕೂ ಒಳಗಿದ್ದು ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಎರಡೂ ಓದಿದರೆ ಗೊತ್ತಾಗುತ್ತದೆ.

ನೀವು ಯಾವ ಜಗಲಿಯಲ್ಲಿ ಕೂತಿದ್ದೀರಿ

ಇದು ನಮ್ಮ ಗುಂಪಿನಲ್ಲಿ ಜಾಸ್ತಿ ಬಿಸಿಯಾದ ಮಾತು, ಆದರೂ ಬರೆಯುತ್ತೇನೆ. ಕೊಡಗಿನಲ್ಲಿ ಇಂಗ್ಲಿಷ್ ಕಾದಂಬರಿ ಓದುವವರಲ್ಲಿ ತೋಟ ಇರುವವರು ಕಡಿಮೆಯೇನಲ್ಲ. ಅವರು ಈ ಕಥೆ ಓದಿ "ಪಾಪ, ನಮ್ಮ ಜನ ಎಷ್ಟು ಕಷ್ಟಪಟ್ಟರು" ಅನ್ನುತ್ತಾರೆ. ನಮ್ಮ ಜನ ಅನ್ನುವಾಗ ಅವರು ನೋಡುತ್ತಿರುವುದು ಬಣ್ಣ, ಹೆಸರು. ತೋಟದ ಲೆಕ್ಕದಲ್ಲಿ ನೋಡಿದರೆ ಅವರ ಕುರ್ಚಿ ಮ್ಯಾನೇಜರನ ಬಂಗಲೆಯ ಜಗಲಿಯಲ್ಲಿ ಇದೆ. ಈಗ ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರು ಇದ್ದಾರೆ, ಅವರಿಗಿಂತ ಮೊದಲಿನಿಂದ ಇಲ್ಲಿನ ಆದಿವಾಸಿ ಯರವರು ಇದ್ದಾರೆ. ಆ ಕಥೆಯಲ್ಲಿ ನಮ್ಮ ಜಾಗ ಯಾವುದು ಅಂತ ಕೇಳಿಕೊಂಡು ಓದಿದರೆ ಸರ್ದಾರನ ಪಾತ್ರವೂ ಓವರ್‌ಸಿಯರ್ ಪಾತ್ರವೂ ಬೇರೆಯೇ ಆಗಿ ಕಾಣುತ್ತವೆ. ನನಗಂತೂ ಖಳನಾಯಕರು ಅನ್ನಿಸಿದ್ದವರು ಬರೀ ಲೆಕ್ಕ ಬರೆಯುವವರಾಗಿ ಕಂಡರು, ಅದು ಇನ್ನೂ ಇರಿಸುಮುರಿಸು.

ಇನ್ನು ಗುಂಪಿನಲ್ಲಿ ಓದುವುದಾದರೆ ಮಳೆಗಾಲ ಒಳ್ಳೆಯದು, ಕಾಫಿ ಕುಯ್ಲಿನ ಕಾಲದಲ್ಲಿ ಯಾರೂ ಬರುವುದಿಲ್ಲ. ಒಂದು ಸಂಜೆಗೆ ಒಂದು ಸಣ್ಣ ಕಥೆ ಸಾಕು. ಮೊದಲ ಸುತ್ತಿನಲ್ಲಿ ಯಾರೂ ಅಭಿಪ್ರಾಯ ಹೇಳಬಾರದು, ಕೋಣೆ ಎಲ್ಲಿ, ದುಡ್ಡು ಎಲ್ಲಿ, ಊಟ ಏನು ಅಂತ ಮಾತ್ರ. ಆಮೇಲೆ ಜಗಳವಾಡಿ. ಕರೆಂಟು ಹೋಗುತ್ತದೆ, ಟಾರ್ಚ್ ಇಟ್ಟುಕೊಂಡಿರಿ.

ಕೊನೆಯದಾಗಿ, ಭಾರತಕ್ಕೆ ಮರಳಿ ಬರುವ ಅಧ್ಯಾಯಕ್ಕಾಗಿ ಕಾಯಬೇಡಿ. ಕೆಲವು ಪುಸ್ತಕಗಳಲ್ಲಿ ಅದು ಇರುತ್ತದೆ. ಮೊಮ್ಮಗಳು ಹಳೆಯ ಎಮಿಗ್ರೇಷನ್ ಪಾಸ್ ಹಿಡಿದು ಬರುತ್ತಾಳೆ. ಅದರಲ್ಲಿ ಹೆಸರು, ಅಪ್ಪನ ಹೆಸರು, ಜಿಲ್ಲೆ, ಠಾಣೆ, ಹಳ್ಳಿ, ಜಾತಿ, ಎತ್ತರ, ಮೈಮೇಲಿನ ಗುರುತು ಎಲ್ಲ ಬರೆದಿರುತ್ತದೆ. ವಂಶದ ಮೂಲ ಮನೆಯಾದ ಐನ್‌ಮನೆ ಇರುವ ನಮ್ಮವರಿಗೆ ಅವಳು ಊರು ಹುಡುಕುವ ಪುಟಗಳೇ ಕಥೆಯ ತುದಿ ಅನ್ನಿಸುತ್ತದೆ. ಬರೆದವರಿಗೆ ಹೆಚ್ಚಾಗಿ ಹಾಗೆ ಅನ್ನಿಸಿರುವುದಿಲ್ಲ. ಆ ಅಧ್ಯಾಯ ಬಂದರೆ ಓದಿ, ಆದರೆ ಅದರ ಹಿಂದಿನ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅವಳು ವಿಮಾನ ಹತ್ತುವ ಮೊದಲು ಕ್ವೀನ್ಸ್‌ನ ಮನೆಯಲ್ಲಿ ಅಮ್ಮನ ಜೊತೆ ಏನೋ ಒಂದು ಮಾತು ಅರ್ಧಕ್ಕೆ ನಿಂತಿರುತ್ತದೆ, ಹೆಚ್ಚಾಗಿ ಮನೆ ಯಾರ ಹೆಸರಿಗೆ ಅನ್ನುವುದರ ಬಗ್ಗೆ.